ಗಂಜಿ, ಬಂಗಡೆ, ಬಾವಿಕಟ್ಟೆ: ಜಿಮ್ಮಿಗೆ ಹೋಗದೆ ಮೈ ಇಳಿಸುವ ಲೆಕ್ಕ

ನಮ್ಮ ಕರಾವಳಿಯಲ್ಲಿ ಮೈ ಇಳಿಸಲು ಹೊರಟವರು ಮೊದಲು ಬಿಡುವುದು ಅನ್ನ, ಆಮೇಲೆ ತೆಂಗಿನಕಾಯಿ. ಬದಲಿಗೆ ಪೇಟೆಯಿಂದ ಓಟ್ಸ್ ಬರುತ್ತದೆ, ಗ್ರೀನ್ ಟೀ ಬರುತ್ತದೆ, ದೊಡ್ಡ ಡಬ್ಬಿಯಲ್ಲಿ ಪ್ರೋಟೀನ್ ಪುಡಿ ಬರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಓಟ್ಸ್ ಡಬ್ಬಿಗೆ ಹುಳ ಬಿದ್ದಿರುತ್ತದೆ, ತಟ್ಟೆಗೆ ಅನ್ನ ಮೊದಲಿಗಿಂತ ಒಂದು ಸೌಟು ಹೆಚ್ಚೇ ಬಿದ್ದಿರುತ್ತದೆ. ಇಷ್ಟೆಲ್ಲ ಖರ್ಚು ಬೇಕಾಗಿಯೇ ಇರಲಿಲ್ಲ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿಯಲ್ಲೂ, ಮೈ ಇಳಿಸಲು ಬೇಕಾದ ಸಾಮಾನು ಅಡುಗೆಮನೆ ಮತ್ತು ಅಂಗಳದಲ್ಲೇ ಇದೆ. ಇಲ್ಲದ್ದು ಅಳತೆ ಮಾತ್ರ. ಆದ್ದರಿಂದ ಶುರು ಅಲ್ಲಿಂದಲೇ.

ಮೊದಲ ವಾರ ಏನೂ ಬಿಡಬೇಡಿ

ಟೈಲರ್ ಅಂಗಡಿಯ ಟೇಪು ಒಂದು, ಹಳೆಯ ನೋಟ್‌ಬುಕ್ ಒಂದು ಇದ್ದರೆ ಸಾಕು. ಕೆಳಗಿನ ಪಕ್ಕೆಲುಬು ಮುಗಿಯುವಲ್ಲಿಗೂ ಸೊಂಟದ ಮೂಳೆ ಶುರುವಾಗುವಲ್ಲಿಗೂ ಸರಿ ನಡುವೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳತೆ ಬರೆದುಕೊಳ್ಳಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ. ಭಾರತೀಯರ ಮೈಕಟ್ಟಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದೇ ಲೆಕ್ಕ. ತೂಕವನ್ನು ಕಿಲೋದಲ್ಲೂ ಎತ್ತರವನ್ನು ಮೀಟರಿನಲ್ಲೂ ಹಿಡಿದು, ತೂಕವನ್ನು ಎತ್ತರದಿಂದ ಎರಡು ಬಾರಿ ಭಾಗಿಸಿ. ಬಂದ ಸಂಖ್ಯೆ 23 ದಾಟಿದ್ದರೆ ತೂಕ ಹೆಚ್ಚು, 25 ದಾಟಿದ್ದರೆ ಬೊಜ್ಜು. ತೂಕದ ಯಂತ್ರ ಕೊಳ್ಳಲೇಬೇಕೆಂದಿಲ್ಲ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಹೋದಾಗ ಬಿಪಿ, ಶುಗರ್ ಕೂಡ ನೋಡಿಸಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.

ಅಡುಗೆಮನೆಯಲ್ಲಿ ಮೂರು ಅಳತೆ. ಎಣ್ಣೆ ಪ್ಯಾಕೆಟ್ ಒಡೆದ ದಿನದ ತಾರೀಖನ್ನು ಪೆನ್ನಿನಿಂದ ಅದರ ಮೇಲೆಯೇ ಬರೆಯಿರಿ. ದಿನಕ್ಕೆ ಎಷ್ಟು ಲೋಟ ಅಕ್ಕಿ ಹಾಕುತ್ತೀರಿ, ಎಷ್ಟು ಜನ ಉಣ್ಣುತ್ತೀರಿ ಎಂದು ಬರೆಯಿರಿ. ಚಹಾ ಎಷ್ಟು ಸಲ, ಸಕ್ಕರೆ ಎಷ್ಟು ಚಮಚ ಎಂದು ಬರೆಯಿರಿ. ಈ ವಾರ ಊಟದಲ್ಲಿ ಏನನ್ನೂ ಬದಲಿಸಬೇಡಿ. ಬದಲಿಸಿದರೆ ನಿಮ್ಮ ನಿಜವಾದ ಲೆಕ್ಕ ಎಂದಿಗೂ ಸಿಗುವುದಿಲ್ಲ.

ಹೊಟ್ಟೆ ಬೆಳೆಸುವುದು ಎಣ್ಣೆ ಪ್ಯಾಕೆಟ್ಟು

ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖಾಲಿಯಾಗುತ್ತದೆ ಎಂದಿಟ್ಟುಕೊಳ್ಳಿ. ತಲೆಗೆ ಒಂದು ಲೀಟರ್, ಅಂದರೆ ದಿನಕ್ಕೆ 33 ಮಿಲಿ. ಅಷ್ಟು ಎಣ್ಣೆಯಲ್ಲಿ ಸುಮಾರು 270 ಕ್ಯಾಲರಿ. ಅದನ್ನು 20 ಮಿಲಿಗೆ, ಅಂದರೆ ಚಿಕ್ಕ ಚಮಚದಲ್ಲಿ ನಾಲ್ಕಕ್ಕೆ ಇಳಿಸಿದರೆ ದಿನಕ್ಕೆ 105 ಕ್ಯಾಲರಿಯಷ್ಟು ಉಳಿಯುತ್ತದೆ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕ್ಯಾಲರಿ ಇರುತ್ತದೆ. ಎಣ್ಣೆ ಒಂದರಿಂದಲೇ ತಿಂಗಳಿಗೆ 400 ಗ್ರಾಂ ಇಳಿದಂತಾಯಿತು. ಮೇಲಾಗಿ ಮನೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಎಣ್ಣೆಯ ದುಡ್ಡೂ ಉಳಿಯಿತು. ತೆಂಗಿನೆಣ್ಣೆ ಒಳ್ಳೆಯದು, ಸೂರ್ಯಕಾಂತಿ ಕೆಟ್ಟದ್ದು, ಗಾಣದ್ದಾದರೆ ಎಷ್ಟು ಹಾಕಿದರೂ ನಡೆಯುತ್ತದೆ ಎಂಬ ಮಾತೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲರಿಯೇ.

ಇಳಿಸುವ ದಾರಿ ಸುಲಭ. ಎಣ್ಣೆಯನ್ನು ಪ್ಯಾಕೆಟ್ಟಿನಿಂದ ನೇರ ಬಾಣಲೆಗೆ ಸುರಿಯಬೇಡಿ. ನಾಲ್ಕು ಜನರ ಮನೆಗೆ ದಿನಕ್ಕೆ 80 ಮಿಲಿ ಅಳೆದು, ಬೆಳಿಗ್ಗೆಯೇ ಒಂದು ಚಿಕ್ಕ ಬಾಟಲಿಗೆ ಹಾಕಿಡಿ. ದೋಸೆ, ಒಗ್ಗರಣೆ, ಪಲ್ಯ, ಮೀನು ಎಲ್ಲ ಅದರಲ್ಲೇ ಆಗಬೇಕು. ಮೊದಲ ನಾಲ್ಕು ದಿನ ಸಂಜೆಗೇ ಬಾಟಲಿ ಖಾಲಿಯಾಗುತ್ತದೆ. ಐದನೇ ದಿನದಿಂದ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಮೀನು ಹುರಿಯುವಾಗ ಎಣ್ಣೆ ಕುಡಿಯುವುದು ಮೀನಲ್ಲ, ಮೇಲಿನ ರವೆ. ಬಂಗಡೆಗೆ ಮೆಣಸು, ಅರಿಶಿನ, ಹುಳಿ, ಉಪ್ಪು ಹಚ್ಚಿ ಅರ್ಧ ಗಂಟೆ ಇಡಿ. ಬಾಳೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಒಳಮೈಗೆ ಅರ್ಧ ಚಮಚ ಎಣ್ಣೆ ಸವರಿ, ಮೀನು ಸುತ್ತಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಆರರಿಂದ ಎಂಟು ನಿಮಿಷ ಬೇಯಿಸಿ. ಬಂಗಡೆ, ತಾರ್ಲೆ (ಬೂತಾಯಿ) ಎರಡರಲ್ಲೂ ತಮ್ಮದೇ ಕೊಬ್ಬು ಇದೆ, ಅದರಲ್ಲೇ ಬೇಯುತ್ತವೆ. ಉರಿ ಜೋರಾದರೆ ಎಲೆ ಕರಕಲಾಗಿ, ಮೀನಿನ ನಡುಭಾಗ ಹಸಿ ಉಳಿಯುತ್ತದೆ. ಹಲಸಿನ ಹಪ್ಪಳವನ್ನೂ ಕರಿಯುವ ಬದಲು ಕೆಂಡದ ಮೇಲೆ ಸುಟ್ಟು ತಿನ್ನಿ. ರುಚಿಯೇನೂ ಕಡಿಮೆಯಾಗದು, ಬೇಕಾದರೆ ಕಾಯಿತುರಿ ಜೊತೆಗೆ ಮೆಲ್ಲಬಹುದು.

ಕಾಯಿಯ ಬಗ್ಗೆ ಹೆದರಿಕೆ ಹೆಚ್ಚು. ಮಧ್ಯಮ ಗಾತ್ರದ ಕಾಯಿಯ ಅರ್ಧ ಕಡಿ, ಅಂದರೆ ಒಡೆದ ಒಂದು ಹೋಳು, ತುರಿದರೆ ನೂರು ಗ್ರಾಂ ಚಿಲ್ಲರೆ ತುರಿ, ಸುಮಾರು 400 ಕ್ಯಾಲರಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ನೂರು. ದಿನಕ್ಕೆ ಮನೆಗೆ ಅರ್ಧ ಕಡಿ ಎಂದು ಗೆರೆ ಹಾಕಿಕೊಂಡರೆ ಸಾರು ಬಿಡುವ ಪ್ರಮೇಯವಿಲ್ಲ. ತೊಂದರೆ ಇರುವುದು ಆಸೆಗೆ ಹಾಕಿಕೊಳ್ಳುವ ಎರಡನೇ ಬಾರಿಯ ಗಸಿಯಲ್ಲಿ (ಕಾಯಿ ಅರೆದು ಮಾಡಿದ ಗಟ್ಟಿ ಸಾರು), ಗಸಿ ಇದೆಯೆಂದು ಅದರ ಹಿಂದೆಯೇ ಬರುವ ಅನ್ನದಲ್ಲಿ.

ತಟ್ಟೆಯ ಅಳತೆ

ಅನ್ನ ಬಿಡಬೇಕಿಲ್ಲ, ಬೇಯಿಸುವ ಮೊದಲು ಅಳೆದರೆ ಸಾಕು. 70 ಕಿಲೋ ಆಸುಪಾಸಿನ ಗಂಡಸು ದಿನಕ್ಕೆ 200 ಗ್ರಾಂ ಅಕ್ಕಿಯಿಂದ ಶುರು ಮಾಡಲಿ: ಬೆಳಗಿನ ಗಂಜಿಗೆ 60, ಮಧ್ಯಾಹ್ನಕ್ಕೆ 80, ರಾತ್ರಿಗೆ 60. 60 ಕಿಲೋ ಸುತ್ತಿನ ಹೆಂಗಸಿಗೆ ಒಟ್ಟು 150 ಗ್ರಾಂ. 200 ಮಿಲಿ ಹಿಡಿಯುವ ಸ್ಟೀಲ್ ಲೋಟ ತುಂಬ ಅಕ್ಕಿ ಹಾಕಿದರೆ ಹತ್ತಿರ ಹತ್ತಿರ 170 ಗ್ರಾಂ ಬರುತ್ತದೆ. ಒಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, 60 ಗ್ರಾಂ ಎಲ್ಲಿಗೆ ಬರುತ್ತದೋ ಅಲ್ಲಿ ಲೋಟಕ್ಕೆ ಗೀರು ಹಾಕಿಕೊಂಡರೆ ಆಯಿತು.

ಕುಚಲಕ್ಕಿಗೂ (ಕುದಿಸಿ ಒಣಗಿಸಿದ ಅಕ್ಕಿ) ಬೆಳ್ತಿಗೆ ಅಕ್ಕಿಗೂ (ಬಿಳಿ ಅಕ್ಕಿ) ಕ್ಯಾಲರಿಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಗಂಜಿಯ ಲಾಭ ನೀರಿನದು. 60 ಗ್ರಾಂ ಕುಚಲಕ್ಕಿ ತಿಳಿಯೊಂದಿಗೆ ಬೋಗುಣಿ ತುಂಬುತ್ತದೆ, ಹೊಟ್ಟೆಯನ್ನೂ ತುಂಬುತ್ತದೆ. ಆದರೆ ಗಂಜಿಗೆ ಉಪ್ಪಿನಕಾಯಿ ಮಾತ್ರ ನೆಂಚಿಕೊಂಡರೆ ಹತ್ತು ಗಂಟೆಗೇ ಹಸಿವಾಗಿ ಕಾಲು ಕ್ಯಾಂಟೀನಿನ ಬನ್ಸ್-ಭಾಜಿಯತ್ತ (ಬಾಳೆಹಣ್ಣು ಕಲಸಿ ಕರಿದ ಪೂರಿ, ಪಲ್ಯ) ಹೊರಡುತ್ತದೆ. ಒಂದು ಬನ್ಸ್ ಎಂದರೆ 200 ಕ್ಯಾಲರಿಯ ಮೇಲೆ, ಭಾಜಿ ಬೇರೆ. ಗಂಜಿ ಜೊತೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಪಲ್ಯ ಇರಲೇಬೇಕು.

ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು. ಇಲ್ಲಿ ಹಣ ಉಳಿಸಲು ಬ್ರೊಕೊಲಿ ಮರೆತು ಬಸಳೆ, ಹರಿವೆ, ಮೊಗೆಕಾಯಿ, ಬಾಳೆದಿಂಡು, ಹೀರೆಕಾಯಿ ಹಿಡಿಯಿರಿ. ಅಂಕೋಲೆ, ಗೋಕರ್ಣದ ಕಡೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರುವ ಸೊಪ್ಪಾಗಲಿ, ಕಾರವಾರದ ರವಿವಾರದ ಸಂತೆಯಲ್ಲಿ ಸಿಗುವ ಕಾಯಿಪಲ್ಲೆಯಾಗಲಿ, ತಾಜಾ ಆಗಿರುತ್ತದೆ, ಅಗ್ಗವೂ ಹೌದು. ಬಸಳೆಯಂತೂ ಪಾತ್ರೆ ತೊಳೆದ ನೀರು ಹೋಗುವ ಕಡೆ ಒಂದು ತುಂಡು ಊರಿದರೆ ಚಪ್ಪರಕ್ಕೆ ಹಬ್ಬುತ್ತದೆ. ಘಟ್ಟದ ಮೇಲಿನವರಿಗೆ ತಂಬುಳಿ ಇದೆ. ಒಂದೆಲಗದ್ದಾಗಲಿ ಮತ್ತೊಂದು ಚಿಗುರಿನದ್ದಾಗಲಿ, ಕಡೆದ ಮಜ್ಜಿಗೆಯಲ್ಲಿ ಮಾಡಿದ ತಂಬುಳಿಯಷ್ಟು ಹಗುರದ ಮೇಲೋಗರ ಮತ್ತೊಂದಿಲ್ಲ. ಆದರೆ ಅದು ಅನ್ನ ಎಳೆಯುವ ಮೇಲೋಗರವೂ ಹೌದು. ಅಳೆದ ಅನ್ನ ಮುಗಿದ ಮೇಲೆ ಉಳಿದ ತಂಬುಳಿಯನ್ನು ಕುಡಿದುಬಿಡಿ.

ಚಹಾಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಸಲ ಎಂದರೆ 160 ಕ್ಯಾಲರಿ. ವಾರಕ್ಕೆ ಅರ್ಧರ್ಧ ಚಮಚದಂತೆ ಇಳಿಸಿ ಒಂದು ಚಮಚಕ್ಕೆ ತನ್ನಿ. ಒಮ್ಮೆಗೇ ನಿಲ್ಲಿಸಿದವರು ಹದಿನೈದು ದಿನಕ್ಕೆ ಮರಳುವುದೇ ಹೆಚ್ಚು. ಶಿರಸಿ, ಸಿದ್ದಾಪುರದ ಕಡೆ ಕಷಾಯಕ್ಕೆ ಬೆಲ್ಲ ಹಾಕಿ, ಬೆಲ್ಲವಾದ್ದರಿಂದ ಪರವಾಗಿಲ್ಲ ಎನ್ನುವುದುಂಟು. ತೂಕದ ಮಟ್ಟಿಗೆ ಬೆಲ್ಲವೂ ಸಕ್ಕರೆಯೂ ಒಂದೇ. ಮುರುಗಲಿನ (ಕೋಕಂ) ಶರಬತ್ತು ಕುಡಿಯುವುದಾದರೆ ಸಕ್ಕರೆ ಪಾಕದ ಬಾಟಲಿಯದ್ದು ಬೇಡ. ಒಣಸಿಪ್ಪೆ ನೆನೆಸಿ, ಉಪ್ಪು ಜೀರಿಗೆ ಹಾಕಿ ಮನೆಯಲ್ಲೇ ಮಾಡಿಕೊಳ್ಳಿ.

ಪ್ರೋಟೀನ್ ಪುಡಿಯ ದುಡ್ಡಿನಲ್ಲಿ ಮೀನು

ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯುವುದು ಪ್ರೋಟೀನು ಮತ್ತು ಭಾರ ಎತ್ತುವ ಕೆಲಸ, ಎರಡೂ ಸೇರಿ. ನಿಮ್ಮ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದು ಗ್ರಾಂ ಪ್ರೋಟೀನ್ ಎಂದು ಹಿಡಿಯಿರಿ. 70 ಕಿಲೋ ಆಸಾಮಿಯ ಲೆಕ್ಕ ಹೀಗೆ ಕೂಡುತ್ತದೆ: ಎರಡು ಮೊಟ್ಟೆ 12, ಮುಳ್ಳು ಬಿಟ್ಟು 150 ಗ್ರಾಂ ಬಂಗಡೆ ಅಥವಾ ತಾರ್ಲೆ 30, 60 ಗ್ರಾಂ ಕಾಳು 13, 200 ಗ್ರಾಂ ಮೊಸರು 6, 200 ಗ್ರಾಂ ಅಕ್ಕಿಯಲ್ಲೇ 14. ಒಟ್ಟು 75. ಇಸವಾಣ, ಪಾಂಪ್ಲೆಟ್ ಬೇಕೆಂದಿಲ್ಲ. ಪ್ರೋಟೀನಿನಲ್ಲಿ ತಾರ್ಲೆ ಅವಕ್ಕೆ ಸಮವಾಗಿಯೇ ನಿಲ್ಲುತ್ತದೆ, ಬೆಲೆಯಲ್ಲಿ ಮಾತ್ರ ಬಹಳ ಕೆಳಗೆ.

ಮೀನು ತಿನ್ನದವರಿಗೆ ದಿನಕ್ಕೆ 100 ಗ್ರಾಂ ಕಾಳು (ಹುರುಳಿ, ಹೆಸರು, ಅಲಸಂದೆ ಯಾವುದಾದರೂ), ಮೊಸರು ಮಜ್ಜಿಗೆ ಸೇರಿ 300 ಗ್ರಾಂ, ಒಂದು ಲೋಟ ಹಾಲು, 30 ಗ್ರಾಂ ಹುರಿದ ಶೇಂಗಾ. ಅಕ್ಕಿಯದೂ ಸೇರಿದರೆ 60 ಗ್ರಾಂ ಆಸುಪಾಸಿಗೆ ಬರುತ್ತದೆ. ಶೇಂಗಾ ಮಾತ್ರ ಅಳೆದೇ ತಿನ್ನಿ. ಟಿವಿ ಎದುರು ಪೊಟ್ಟಣ ಬಿಚ್ಚಿ ಕೂತರೆ 100 ಗ್ರಾಂ ಇಳಿದದ್ದು ತಿಳಿಯುವುದೇ ಇಲ್ಲ, ಅದು 560 ಕ್ಯಾಲರಿ. ಹುರುಳಿ ತಿಂದರೆ ಹೊಟ್ಟೆಯುಬ್ಬರ ಎನ್ನುವವರು ಹನ್ನೆರಡು ತಾಸು ನೆನೆಸಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬೇಯಿಸಬೇಕು. ಮೊದಲ ವಾರ ದಿನಕ್ಕೆ 30 ಗ್ರಾಂ ಸಾಕು.

ನಡಿಗೆ, ಮರಳಿನ ಮೇಲೆ ಬುದ್ಧಿ ಇಟ್ಟು

70 ಕಿಲೋ ತೂಕದವರು ಸಮನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲರಿ ಕರಗುತ್ತದೆ. ಐದು ಕಿಲೋಮೀಟರಿಗೆ 250. ಕಷ್ಟಪಟ್ಟು ನಡೆದದ್ದನ್ನು ಒಂದು ಪ್ಲೇಟ್ ಬನ್ಸ್ ಹೇಗೆ ನುಂಗುತ್ತದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಮೊದಲ ಎರಡು ವಾರ 20 ನಿಮಿಷ, ವಾರಕ್ಕೆ ಐದು ದಿನ. ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ 45 ನಿಮಿಷಕ್ಕೆ ತನ್ನಿ. ವೇಗ ಎಷ್ಟಿರಬೇಕೆಂದರೆ, ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಭಜನೆ ಹಾಡಲು ಆಗಬಾರದು.

ಕಾರವಾರದ ಟಾಗೋರ್ ಕಡಲತೀರವಾಗಲಿ ಹೊನ್ನಾವರದ ಕಾಸರಕೋಡಾಗಲಿ, ಒಣ ಮರಳಿನಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಬಹಳ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಹಾಗೆಂದು ಮೊದಲ ದಿನವೇ ಬರಿಗಾಲಲ್ಲಿ ಒಂದು ತಾಸು ಒಣ ಮರಳು ತುಳಿದರೆ ಮೂರನೇ ದಿನ ಹಿಮ್ಮಡಿ ನೆಲಕ್ಕಿಡಲಾಗದು. ಹೆಜ್ಜೆ ಹೂತಾಗ ಹಿಮ್ಮಡಿ ಕೆಳಗಿಳಿದು ಮೀನಖಂಡ, ಹಿಮ್ಮಡಿಯ ನರ ಎರಡೂ ಜಗ್ಗುತ್ತವೆ. ನೀರಂಚಿನ ಒದ್ದೆ ಗಟ್ಟಿ ಮರಳಲ್ಲಿ ಶುರು ಮಾಡಿ. ಒಣ ಮರಳು ದಿನಕ್ಕೆ ಹತ್ತೇ ನಿಮಿಷ, ಅದೂ ಮೂರನೇ ವಾರದಿಂದ. ನೀರಂಚು ಇಳಿಜಾರು, ಆದ್ದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದ ದಾರಿಯಲ್ಲೇ ಅಷ್ಟೇ ದೂರ ಹಿಂದಿರುಗಿದರೆ ಎರಡೂ ಕಾಲಿಗೆ ಸರಿಹೋಗುತ್ತದೆ. ಒಂದೇ ದಿಕ್ಕಿಗೆ ನಡೆದು, ವಾಪಸು ರಿಕ್ಷಾ ಹತ್ತುವವರಿಗೆ ಮೊಣಕಾಲು ನೋವು ಬರುವುದು ಇದರಿಂದಲೇ.

ಸಮುದ್ರದ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಇಳಿತ ಇದ್ದರೆ, ಇನ್ನೊಂದು ವಾರಕ್ಕೆ ಅದೇ ಹೊತ್ತಿಗೆ ಉಬ್ಬರ. ಗಟ್ಟಿ ಮರಳು ಮುಳುಗಿರುತ್ತದೆ, ಆ ದಿನಗಳಲ್ಲಿ ರಸ್ತೆ ಹಿಡಿಯಿರಿ. ಶಿರಸಿಯವರಿಗೆ ಈ ಚಿಂತೆ ಇಲ್ಲ, ಕೋಟೆಕೆರೆ ಸುತ್ತ ನಡೆದರಾಯಿತು. ಅಲ್ಲಿನ ಏರು ದಾರಿಗಳೂ ಒಳ್ಳೆಯವೇ, ಇಳಿಯುವಾಗ ಮಾತ್ರ ಹೆಜ್ಜೆ ಚಿಕ್ಕದಿರಲಿ.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಮೈ ತಂಪಾಗುವುದೂ ಇಲ್ಲ. ಮಾರ್ಚಿನಿಂದ ಮೇವರೆಗೆ ಏಳು ಗಂಟೆಯೊಳಗೆ ಮುಗಿಸಿ. ನಡೆದು ಬಂದ ಕೂಡಲೆ ತೂಕ ನೋಡಿ ಮುಕ್ಕಾಲು ಕಿಲೋ ಇಳಿದಿದೆ ಎಂದು ಹಿಗ್ಗಬೇಡಿ, ಅದು ನೀರು. ಒಂದು ದೊಡ್ಡ ಲೋಟ ನೀರುಮಜ್ಜಿಗೆ ಕುಡಿದರೆ ಅರ್ಧ ಅಲ್ಲೇ ಮರಳುತ್ತದೆ, ಮರಳಬೇಕು ಕೂಡ.

ಕೊಡಪಾನವೇ ಡಂಬೆಲ್

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಅರ್ಧ ತಾಸು. ಒಂದು ಲೀಟರ್ ನೀರು ಒಂದು ಕಿಲೋ. ಇಷ್ಟು ಸಲೀಸಾಗಿ ಹೆಚ್ಚಿಸಿ ಇಳಿಸಬಹುದಾದ ಭಾರ ಜಿಮ್ಮಿನಲ್ಲೂ ಇಲ್ಲ. ಅರ್ಧ ತುಂಬಿದ ಬಕೆಟ್ ತುಳುಕಿ ಕೈ ಜಗ್ಗುತ್ತದೆ ಎನ್ನುವವರು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮನೆ ಕಟ್ಟಿ ಉಳಿದ ಒಣ ಮರಳು ತುಂಬಿ. ಹತ್ತಿರ ಹತ್ತಿರ 8 ಕಿಲೋ ಆಗುತ್ತದೆ. ಹಿಡಿಕೆ ಸೀಳಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಬೈಠಕ್: ಜಗಲಿಯ ಮೆಟ್ಟಿಲು ಅಥವಾ ಗಟ್ಟಿ ಸ್ಟೂಲಿನ ಮೇಲೆ ಕೂತು, ಕೈ ಊರದೆ ಏಳುವುದು. 10 ಸಲ. ಭಾರ ಹಿಮ್ಮಡಿಯ ಮೇಲಿರಲಿ. ಏಳುವಾಗ ಮೊಣಕಾಲುಗಳು ಒಂದಕ್ಕೊಂದು ಹತ್ತಿರ ಬಂದರೆ ತೊಡೆಗೆ ಬಲ ಸಾಲದು ಎಂದರ್ಥ, ಆಸನವನ್ನು ಇನ್ನೂ ಎತ್ತರ ಮಾಡಿಕೊಳ್ಳಿ.

ದಂಡ: ಮೊದಲು ಗೋಡೆಗೆ ಕೈಕೊಟ್ಟು, 12 ಸಲ ಮೂರು ಸುತ್ತು ಸಲೀಸಾದ ಮೇಲೆ ಜಗಲಿಯ ಅಂಚಿಗೆ, ಅದೂ ಸಲೀಸಾದ ಮೇಲೆ ನೆಲಕ್ಕೆ. ಸೊಂಟ ಜೋತುಬೀಳಬಾರದು. ನೆಲದ ದಂಡಕ್ಕೆ ಬರಲು ಮೂರು ತಿಂಗಳು ಹಿಡಿದರೂ ನಾಚಿಕೆಯಿಲ್ಲ.

ಎಳೆಯುವ ಕೆಲಸಕ್ಕೆ ಬಾವಿಗಿಂತ ಒಳ್ಳೆಯ ಯಂತ್ರವಿಲ್ಲ. ಪಂಪು ಬಂದ ಮೇಲೆ ರಾಟೆ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು, ಹಗ್ಗ ಹೊಸದು ಹಾಕಿ. ಕಾಲು ಭುಜದಷ್ಟು ಅಗಲ, ಮೊಣಕಾಲು ತುಸು ಮಡಿಸಿ, ಬೆನ್ನು ನೇರ. ಹಗ್ಗವನ್ನು ಎರಡು ಕೈಯಲ್ಲಿ ಒಂದರ ಮೇಲೊಂದು ಬದಲಿಸುತ್ತ, ಮೊಣಕೈ ಪಕ್ಕೆಗೆ ತಾಗುವವರೆಗೆ ಎಳೆಯಿರಿ. ಮೊದಲ ವಾರ ಅರ್ಧ ಕೊಡಪಾನ ಐದು ಸಲ, ಆಮೇಲೆ ತುಂಬಿದ್ದು ಹತ್ತು ಸಲ. ಎಳೆದ ನೀರು ಬಸಳೆಗೋ ತೆಂಗಿನ ಬುಡಕ್ಕೋ ಹೋಗಲಿ. ಕಟ್ಟೆ ಸೊಂಟದ ಎತ್ತರಕ್ಕಿಲ್ಲದಿದ್ದರೆ, ಅಥವಾ ಮಳೆಗೆ ಸುತ್ತಲೂ ಪಾಚಿ ಕಟ್ಟಿದ್ದರೆ ಈ ಕೆಲಸ ಬೇಡ. ಆಗ ಒಂದು ಕೈಯನ್ನು ಸ್ಟೂಲಿಗೆ ಊರಿ, ಬೆನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿ, ಮರಳಿನ ಕ್ಯಾನನ್ನು ಪಕ್ಕೆಯವರೆಗೆ ಎಳೆಯಿರಿ, ಕೈಗೆ ಹತ್ತತ್ತು ಸಲ.

ಕೊನೆಗೆ ಹೊರುವುದು: ಎರಡು ಕೈಯಲ್ಲಿ ಎರಡು ಕ್ಯಾನ್ ಹಿಡಿದು ಅಂಗಳದಲ್ಲಿ 30 ಹೆಜ್ಜೆ, ನಿಂತು ದಮ್ಮು ತೆಗೆದುಕೊಂಡು ಮತ್ತೆ 30. ನಾಲ್ಕು ಸಲ. ಭುಜ ಕಿವಿಯ ಹತ್ತಿರ ಏರಬಾರದು. ಈ ನಾಲ್ಕೂ ಸೇರಿದರೆ ಒಂದು ಸುತ್ತು. ಎರಡು ಸುತ್ತಿನಿಂದ ಶುರು, ಒಂದು ತಿಂಗಳಾದ ಮೇಲೆ ಮೂರು ಸುತ್ತು. ಮರುದಿನ ಮೈಕೈ ನೋವಿದ್ದರೆ ಪರವಾಗಿಲ್ಲ, ಕೀಲಿನೊಳಗೆ ಚುಚ್ಚಿದಂತಾದರೆ ಆ ಕೆಲಸ ನಿಲ್ಲಿಸಿ. ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ವೈದ್ಯರ ಹತ್ತಿರ ಹೋಗಲೇಬೇಕು. ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಕ್ಕಿ ಇಳಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ಅದೇ ಡೋಸಿನಲ್ಲಿ ಊಟ ಕಡಿಮೆಯಾದರೆ ಶುಗರ್ ಒಮ್ಮೆಲೇ ಕುಸಿಯಬಹುದು. ಬಸುರಿಯರು, ಎದೆಹಾಲು ಕುಡಿಸುವವರು ತೂಕ ಇಳಿಸಲು ಹೋಗುವುದೇ ಬೇಡ.

ಜೂನ್ ಬಂತೆಂದರೆ

ಮೇ ತಿಂಗಳವರೆಗೆ ಚೆನ್ನಾಗಿ ನಡೆದದ್ದು ಮಳೆಗೆ ಕೆಡುತ್ತದೆ. ನಡಿಗೆ ನಿಲ್ಲುತ್ತದೆ, ಬಾಯಿಗೆ ಕರಿದದ್ದು ಬೇಕೆನಿಸುತ್ತದೆ, ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಮೀನು ತುಟ್ಟಿ. ಮೂರಕ್ಕೂ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಮೀನಿನ ಜಾಗಕ್ಕೆ ಮೊಟ್ಟೆ ಮತ್ತು ಹುರುಳಿ. ಒಣಮೀನು ತಿನ್ನಬಹುದು, ಆದರೆ ನೀರಲ್ಲಿ ನೆನೆಸಿ ಎರಡು ಸಲ ತೊಳೆದು, ವಾರಕ್ಕೆ ಒಂದೆರಡು ಸಲ ಮಾತ್ರ, ಬಿಪಿ ಇದ್ದವರಿಗೆ ಬೇಡವೇ ಬೇಡ. ನಡಿಗೆಯ ಬದಲು ಜಗಲಿಯ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು: ನಿಮಿಷಕ್ಕೆ ಇಪ್ಪತ್ತು ಸಲ, ಐದೈದು ನಿಮಿಷದ ನಾಲ್ಕು ಕಂತು. ಅರ್ಧಕ್ಕೆ ಮುಂದಿನ ಕಾಲು ಬದಲಿಸಿ. ಇಪ್ಪತ್ತು ನಿಮಿಷ ಮಾಡಿದರೆ ಎರಡು ಕಿಲೋಮೀಟರ್ ನಡೆದದ್ದಕ್ಕೆ ಹೆಚ್ಚುಕಡಿಮೆ ಸಮ. ಮೆಟ್ಟಿಲು ಒದ್ದೆಯಿದ್ದರೆ ಗೋಣಿ ಹಾಸಿ. ಮಳೆ ಬಿಟ್ಟ ಹೊತ್ತಿಗೆ ತೋಟ, ಬೆಟ್ಟದ ಕಡೆ ನಡೆಯುವ ಘಟ್ಟದವರಿಗೆ ಉಂಬಳದ (ಜಿಗಣೆ) ಕಾಟ ಹೇಳಿಕೊಡಬೇಕಿಲ್ಲ.

ಪತ್ರೊಡೆ ಹಬೆಯಲ್ಲಿ ಬೆಂದಷ್ಟಕ್ಕೆ ತಿಂದರೆ ತೊಂದರೆಯಿಲ್ಲ, ಮರುದಿನ ಅದನ್ನೇ ಎಣ್ಣೆ ಬೆಲ್ಲದಲ್ಲಿ ಹುರಿಯುವಾಗ ಲೆಕ್ಕ ತಪ್ಪುತ್ತದೆ. ಚೌತಿಗೂ ಹಾಗೆಯೇ. ಹಬ್ಬದ ಎರಡು ದಿನ ಉಂಡದ್ದರಿಂದ ಯಾರ ಹೊಟ್ಟೆಯೂ ಬೆಳೆದಿಲ್ಲ. ಚಕ್ಕುಲಿ ಕಂಬಳ (ನೆರೆಯವರೆಲ್ಲ ಸೇರಿ ಚಕ್ಕುಲಿ ಮಾಡುವುದು) ಮುಗಿದು, ಡಬ್ಬಿಯಲ್ಲಿ ಉಳಿದ ಚಕ್ಕುಲಿಯನ್ನು ಹೋಗುತ್ತ ಬರುತ್ತ ಒಂದು ತಿಂಗಳು ಮುರಿಯುತ್ತೇವಲ್ಲ, ಅದು ಬೆಳೆಸುತ್ತದೆ. ಡಬ್ಬಿ ಅಟ್ಟಕ್ಕೇರಲಿ, ಇಲ್ಲವೇ ನೆಂಟರ ಮನೆಗೆ ಹೋಗಲಿ.

ತೂಕದ ಮುಳ್ಳು ಅಲುಗದಿದ್ದರೆ

ವಾರಕ್ಕೊಮ್ಮೆ, ಪ್ರತಿ ಸಲ ವಾರದ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು ತೂಕ ನೋಡಿ. ಹಿಂದಿನ ರಾತ್ರಿ ಒಣಮೀನು, ಉಪ್ಪಿನಕಾಯಿ ತಿಂದಿದ್ದರೆ ಮೈಯಲ್ಲಿ ನೀರು ನಿಂತು ಒಂದು ಕಿಲೋ ಹೆಚ್ಚೇ ತೋರಬಹುದು. ಹೆಂಗಸರಿಗೆ ಮುಟ್ಟಿನ ಮೊದಲಿನ ದಿನಗಳಲ್ಲೂ ಹಾಗೆಯೇ. ಒಂದು ದಿನದ ಅಂಕಿ ನೋಡಿ ಗಾಬರಿಯಾಗದೆ ನಾಲ್ಕು ವಾರದ ಸರಾಸರಿ ತೆಗೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ. 80 ಕಿಲೋ ಇದ್ದವರು ಆರು ತಿಂಗಳಲ್ಲಿ ಐದಾರು ಕಿಲೋ ಇಳಿಸಿದರೂ ಶುಗರ್, ಬಿಪಿಯಲ್ಲಿ ಗುಣ ಕಾಣುತ್ತದೆ.

ಮೂರು ವಾರ ತೂಕವೂ ಸೊಂಟವೂ ಇದ್ದಲ್ಲೇ ಇದ್ದರೆ, ಎಣ್ಣೆ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಮೊದಲು ನೋಡಿ. ಹತ್ತಕ್ಕೆ ಎಂಟು ಸಲ ಸೋರಿಕೆ ಅಲ್ಲೇ ಸಿಗುತ್ತದೆ. ಅದು ಸರಿಯಿದ್ದರೆ ರಾತ್ರಿಯ ಅಕ್ಕಿಯಲ್ಲಿ 20 ಗ್ರಾಂ ಕಡಿಮೆ ಮಾಡಿ, ಅಥವಾ ನಡಿಗೆಗೆ ಹತ್ತು ನಿಮಿಷ ಸೇರಿಸಿ. ಮೈ ಹಗುರಾದಂತೆ ಅದಕ್ಕೆ ಬೇಕಾಗುವ ಊಟವೂ ಕಡಿಮೆಯಾಗುತ್ತದೆ, ಇದು ನಿಮ್ಮ ತಪ್ಪಲ್ಲ. ತೂಕ ಇಳಿಯದಿದ್ದರೂ ಸೊಂಟ ಎರಡು ಸೆಂಟಿಮೀಟರ್ ಇಳಿದಿದ್ದರೆ ಏನನ್ನೂ ಮುಟ್ಟಬೇಡಿ, ಸ್ನಾಯು ಬೆಳೆಯುತ್ತಿದೆ. ಬೇಕಾದ ತೂಕಕ್ಕೆ ಬಂದ ಮೇಲೆ ಎರಡು ವಾರಕ್ಕೊಮ್ಮೆ 20 ಗ್ರಾಂನಂತೆ ಅಕ್ಕಿ ಹೆಚ್ಚಿಸುತ್ತ ಬನ್ನಿ. ಮುಳ್ಳು ಮೇಲಕ್ಕೆ ಅಲುಗಿದ ವಾರ, ಅದರ ಹಿಂದಿನ ಅಳತೆಗೆ ಮರಳಿ ಲೋಟದ ಮೇಲೆ ಹೊಸ ಗೀರು ಹಾಕಿಕೊಳ್ಳಿ.